ಮೂವತ್ತಾರು ಬಂದರೆ ಫುಲ್ ಅಲ್ಲ

ಉಪ್ಪನ ಸೈಕಲಿಗೆ ಮೋಟಾರು ಹಾಕಿಸಿದ್ದು ನಾನೇ. ಉಪ್ಪಳ ಪೇಟೆಯಿಂದ ನಮ್ಮ ಮನೆಗೆ ಬರುವಾಗ ಕೊನೆಯಲ್ಲಿ ಒಂದು ಏರು ಇದೆ. ಮೊಣಕಾಲು ನೋವು ಶುರುವಾದ ಮೇಲೆ ಅಲ್ಲಿ ಅವರು ಇಳಿದು ತಳ್ಳುತ್ತಿದ್ದರು. ಸ್ಕೂಟರೂ ಬೇಡ, ಆಟೋವೂ ಬೇಡ, ಸೈಕಲೇ ಆಗಬೇಕು. ಕಳೆದ ರಜೆಯಲ್ಲಿ ಬಂದಾಗ ಹಿಂದಿನ ಚಕ್ರಕ್ಕೆ 250 ವ್ಯಾಟಿನ ಹಬ್ ಮೋಟಾರು, ಜೊತೆಗೆ 36 ವೋಲ್ಟಿನ ಲಿಥಿಯಂ ಬ್ಯಾಟರಿ ಹಾಕಿಸಿ ಶಾರ್ಜಾಕ್ಕೆ ಮರಳಿದೆ.

ಎರಡು ತಿಂಗಳಲ್ಲಿ ಉಮ್ಮನ ಫೋನು: "ಉಪ್ಪ ಪುನಃ ತಳ್ಳಿಕೊಂಡೇ ಬರುವುದು. ಈಗ ಮೊದಲಿಗಿಂತ ಭಾರ."

ಉಪ್ಪನಲ್ಲಿ ಕೇಳಿದರೆ, "ಬ್ಯಾಟರಿಗೂ ನನ್ನ ಹಾಗೆ ಪ್ರಾಯ ಆಯಿತು ಮೋನೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ದುಡ್ಡು ಹಾಕಿದವನ ಗತ್ತು ಇತ್ತಲ್ಲ! ಸರಿಯಾಗಿ ಚಾರ್ಜು ಮಾಡುವುದಿಲ್ಲ ಎಂದು ಅವರಿಗೇ ಜೋರು ಮಾಡಿದೆ.

ಈ ಸಲ ಬಂದು ನೋಡಿದೆ. ಉಪ್ಪ ಚಾರ್ಜರ್ ಸಿಕ್ಕಿಸಿ, ಹ್ಯಾಂಡಲಿನ ಮೀಟರನ್ನೇ ನೋಡುತ್ತಾ ಕುಳಿತಿದ್ದರು. 36 ಬಂದ ಕೂಡಲೇ ಪ್ಲಗ್ ಎಳೆದರು. ಯಾಕೆಂದು ಕೇಳಿದರೆ ಗೋಡೆ ತೋರಿಸಿದರು. ಸೀಮೆಸುಣ್ಣದಲ್ಲಿ 36 ಎಂದು ಬರೆದಿತ್ತು. "ನೀನೇ ಅಲ್ಲವಾ ಹೇಳಿದ್ದು, 36 ಬಂದರೆ ಫುಲ್, ಮತ್ತೆಯೂ ಇಟ್ಟರೆ ಬೆಂಕಿ ಹಿಡಿಯುತ್ತದೆ ಅಂತ?"

ಹೌದು, ಹೇಳಿದ್ದೆ. ಏರ್‌ಪೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿ, ಬ್ಯಾಟರಿಯ ಮೇಲಿನ ಅಕ್ಷರ ನೋಡಿ ಹೇಳಿದ ಮಾತು ಅದು.

36 ಎಂಬುದು ಆ ಬ್ಯಾಟರಿಗೆ ಇಟ್ಟ ಹೆಸರು ಮಾತ್ರ. ಒಳಗೆ ಸೆಲ್ಲುಗಳ ಹತ್ತು ಗುಂಪು ಸಾಲಾಗಿ ಇವೆ. ತುಂಬಿದಾಗ ಒಂದೊಂದರಲ್ಲಿ 4.2 ವೋಲ್ಟ್, ಅಂದರೆ ಒಟ್ಟು 42. ಮುಗಿಯುವಾಗ ಒಂದೊಂದು 3ಕ್ಕೆ ಇಳಿದು 30. ಚಾರ್ಜರಿನ ಮೇಲೂ 42 ಎಂದೇ ಇತ್ತು. ನಾನು ನೋಡಿದ್ದೆ, ಅಂಗಡಿಯವನು ಬೇರೆ ಯಾವುದೋ ಕೊಟ್ಟಿರಬೇಕು ಎಂದುಕೊಂಡಿದ್ದೆ. ಸುಮ್ಮನೆ ಇಟ್ಟ ಬ್ಯಾಟರಿ 36 ತೋರಿಸಿದರೆ ಅರ್ಧವೂ ಇಲ್ಲ. ಚಾರ್ಜ್ ಆಗುತ್ತಿರುವಾಗ ಮೀಟರು ಸ್ವಲ್ಪ ಹೆಚ್ಚೇ ತೋರಿಸುತ್ತದೆ, ಪ್ಲಗ್ ತೆಗೆದರೆ ಇಳಿಯುತ್ತದೆ. ಅಷ್ಟರಲ್ಲೇ ಉಪ್ಪ ದಿನಾ ಪೇಟೆಗೆ ಹೋಗಿ ಬರುತ್ತಿದ್ದರು. ಏರಿನಲ್ಲಿ ಮೋಟಾರು ಜೋರಾಗಿ ಕರೆಂಟು ಎಳೆದಾಗ ವೋಲ್ಟೇಜು ಕುಸಿದು, 31ರ ಹತ್ತಿರ ಕಂಟ್ರೋಲರ್ ಬಂದ್ ಮಾಡುತ್ತಿತ್ತು. ಸ್ವಲ್ಪ ನಿಂತರೆ ವೋಲ್ಟೇಜು ಪುನಃ ಮೇಲೆ ಬರುತ್ತದೆ, ನಾಲ್ಕು ಮಾರು ಹೋದರೆ ಪುನಃ ಬಂದ್.

"ಮನೆಯ ಟ್ಯಾಂಕಿಯ ಹಾಗೆ" ಎಂದರು ಉಪ್ಪ. "ನೀರು ತಳದಲ್ಲಿರುವಾಗ ಎಲ್ಲ ನಳ್ಳಿ ಒಟ್ಟಿಗೆ ಬಿಟ್ಟರೆ ಹನಿ ಹನಿ ಬರುತ್ತದಲ್ಲ." ನಾನು ಅಷ್ಟು ಚಂದ ಮಾಡಿ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಚಾರ್ಜಿಗೆ ಇಟ್ಟೆವು. 40 ದಾಟಿದಾಗ ಉಪ್ಪ ಎದ್ದು ನಿಂತರು, ನಾನು ಕೈ ಹಿಡಿದು ಕೂರಿಸಿದೆ. 42ರ ಹತ್ತಿರ ಬಂದ ಮೇಲೆ ಮೀಟರು ಅಲ್ಲೇ ನಿಂತಿತು. ಒಳಗೆ ಹೋಗುವ ಕರೆಂಟು ಮೆಲ್ಲ ಮೆಲ್ಲ ಕಡಿಮೆಯಾಗಿ, ಕೊನೆಗೆ ಕೆಂಪು ದೀಪ ಹಸಿರಾಯಿತು. ಆ ಕೊನೆಯ ಹೊತ್ತು ದಂಡವಲ್ಲ. ಹೆಚ್ಚಿನ ಬ್ಯಾಟರಿಗಳಲ್ಲಿ ಬಿಎಂಎಸ್ ಎಂಬ ಸರ್ಕ್ಯೂಟು ಗುಂಪುಗಳನ್ನು ಸಮ ಮಾಡುವುದು ಆಗಲೇ. ನಮ್ಮದಕ್ಕೆ ಎರಡು ತಿಂಗಳಿಂದ ಆ ಅವಕಾಶವೇ ಸಿಕ್ಕಿರಲಿಲ್ಲ.

ಬೆಂಕಿಯ ಹೆದರಿಕೆ ಪೂರಾ ಸುಳ್ಳೇನಲ್ಲ. ಪಕ್ಕದ ಮನೆಯಲ್ಲಿ ಲೆಡ್-ಆಸಿಡ್ ಬ್ಯಾಟರಿಯ ಗಾಡಿ ಇದೆ, ಅದೂ 36 ವೋಲ್ಟೇ. ಆದರೆ ಅಂಥ ಚಾರ್ಜರ್ 44ರವರೆಗೆ ಹೋಗುತ್ತದೆ. ಪಿನ್ನು ಕೂತರೂ ನಮ್ಮದಕ್ಕೆ ಅದು ಕೂಡದು ಎಂದು ಉಮ್ಮನಿಗೂ ಹೇಳಿದೆ. ಮೆಟ್ಟಿಲಿನ ಕೆಳಗೆ ರಾತ್ರಿಯಿಡೀ ಇಡುವುದು ಬೇಡ, ಹಗಲು ಸಿಟೌಟಿನಲ್ಲಿ, ಎಲ್ಲರೂ ಎದ್ದಿರುವಾಗ ಸಾಕು. ಏರು ಹತ್ತಿ ಬಂದ ಬಿಸಿಯಲ್ಲೇ ಸಿಕ್ಕಿಸಬಾರದು. ಮಳೆಗಾಲದಲ್ಲಿ ವಾರಗಟ್ಟಲೆ ಸೈಕಲ್ ತೆಗೆಯದಿದ್ದರೆ 38ರ ಆಸುಪಾಸಿನಲ್ಲಿ ಇಟ್ಟರೆ ಒಳ್ಳೆಯದು.

ಸಂಜೆ ನಾನು ಏರಿನ ಬುಡದಲ್ಲಿ ಕಾದು ನಿಂತಿದ್ದೆ. ಉಪ್ಪ ಮೀನಿನ ಚೀಲ ತೂಗಿಸಿಕೊಂಡು ಬಂದರು, ನಿಲ್ಲಲಿಲ್ಲ. ಬೆಲ್ಲು ಹೊಡೆದು ಮೇಲೆ ಹೋದರು. ನಾನು ಏದುಸಿರು ಬಿಡುತ್ತಾ ಮನೆ ಮುಟ್ಟುವಾಗ ಅವರು ಗೋಡೆಯ 36ಕ್ಕೆ ಗೀಟು ಹಾಕಿ, ಕೆಳಗೆ 42 ಎಂದು ಬರೆಯುತ್ತಿದ್ದರು.