ಮೆಮೊರಿಯ ಲೆಕ್ಕ
ಹೊಸ ಸರ್ವರ್ ಬಂದಾಗ ಎಲ್ಲರೂ ಕೇಳುವುದು ಪ್ರೊಸೆಸರಿನ ವೇಗ. ನನ್ನ ಕಣ್ಣು ನೆಡುವುದು ಮೆಮೊರಿಯ ಮೇಲೆ: ಡೇಟಾಬೇಸಿಗೆ ಎಷ್ಟು, ಆಪರೇಟಿಂಗ್ ಸಿಸ್ಟಂಗೆ ಎಷ್ಟು, ಬಂದುಹೋಗುವ ಕನೆಕ್ಷನ್ನುಗಳಿಗೆ ಎಷ್ಟು? ಈ ಹಂಚಿಕೆಯಲ್ಲಿ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

32 ಬಿಟ್ ಕಾಲದ ಹಂಚಿಕೆ ಬಲು ಬಿಗಿ. ಇರುವ ವಿಳಾಸಗಳೆಲ್ಲ ಸೇರಿದರೂ 4 ಜಿಬಿ. ಅದರಲ್ಲಿ ಅರ್ಧ ವಿಂಡೋಸ್ ತನಗೇ ಇಟ್ಟುಕೊಳ್ಳುತ್ತಿತ್ತು. ಬೂಟ್ ಕಡತದಲ್ಲಿ ‘/3ಜಿಬಿ’ ಎಂದು ಸೇರಿಸಿದರೆ ಎಸ್‌ಕ್ಯೂಎಲ್ ಸರ್ವರಿಗೆ ಇನ್ನೊಂದು ಜಿಬಿ ದಕ್ಕುತ್ತಿತ್ತು. 1995ರ ಪೆಂಟಿಯಂ ಪ್ರೊ ತಂದ ಪಿಎಇ ಭೌತಿಕ ವಿಳಾಸವನ್ನು 36 ಬಿಟ್ಟಿಗೆ, ಅಂದರೆ 64 ಜಿಬಿಗೆ ಏರಿಸಿತು. ಆದರೂ ಒಂದು ಪ್ರೋಸೆಸ್ ಒಮ್ಮೆಗೆ ನೋಡಬಹುದಾದದ್ದು ಅದೇ ಹಳೆಯ ಕಿಟಕಿಯಷ್ಟು. ವಿಂಡೋಸಿನ ಎಡಬ್ಲ್ಯೂಇ ಎಂಬ ಸೌಲಭ್ಯದ ಮೂಲಕ ಹೊರಗಿನ ಪುಟಗಳನ್ನು ಆ ಕಿಟಕಿಗೆ ತಂದು ತೋರಿಸಬೇಕಿತ್ತು. ಇಲ್ಲೇ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಇದೆ: ‘/3ಜಿಬಿ’ ಹಾಕಿದ ಯಂತ್ರದಲ್ಲಿ ವಿಂಡೋಸ್ 16 ಜಿಬಿಗಿಂತ ಹೆಚ್ಚು ಮೆಮೊರಿ ಬಳಸುತ್ತಲೇ ಇರಲಿಲ್ಲ. ಕರ್ನೆಲ್ಲಿಗೆ ಉಳಿದ 1 ಜಿಬಿಯಲ್ಲಿ ಅಷ್ಟು ಮೆಮೊರಿಯ ಲೆಕ್ಕ ಇಡಲು ಜಾಗ ಸಾಲುತ್ತಿರಲಿಲ್ಲ! ಮೆಮೊರಿಯ ಲೆಕ್ಕಕ್ಕೂ ಮೆಮೊರಿಯೇ ಬೇಕು.

2003ರಲ್ಲಿ ಎಎಂಡಿಯ ಆಪ್ಟೆರಾನ್ ಬಂತು. 64 ಬಿಟ್ಟಿನಲ್ಲಿ ವಿಳಾಸದ ಬರ ನೀಗಿತು. ಇನ್ನು ಹಂಚಿಕೆಯ ಜಾಣ್ಮೆ ಯಾರಿಗೆ ಬೇಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ; ಅದೇ ಲೆಕ್ಕ ಈಗ ಬೇರೆ ಬಾಗಿಲಿನಿಂದ ಒಳಬರುತ್ತದೆ.

256 ಜಿಬಿಯ ಲಿನಕ್ಸ್ ಯಂತ್ರದಲ್ಲಿ ಪೋಸ್ಟ್‌ಗ್ರೆಸ್ ಇದೆ ಎನ್ನಿ. ರೂಢಿಯಂತೆ ಕಾಲುಭಾಗ, 64 ಜಿಬಿ, ಶೇರ್ಡ್ ಬಫರ್ಸಿಗೆ ಕೊಟ್ಟೆವು. 4 ಕೆಬಿಯ ಪುಟಗಳಾದರೆ 1,67,77,216 ಪುಟ. ಯಾವ ಪುಟ ಎಲ್ಲಿದೆ ಎಂದು ಬರೆದಿಡುವ ಪಟ್ಟಿಯಲ್ಲಿ (ಪೇಜ್ ಟೇಬಲ್) ಪುಟಕ್ಕೆ 8 ಬೈಟಿನ ನಮೂದು ಎಂದರೂ 128 ಎಂಬಿ. ಪೋಸ್ಟ್‌ಗ್ರೆಸ್‌ನಲ್ಲಿ ಕನೆಕ್ಷನ್ನಿಗೊಂದು ಪ್ರೋಸೆಸ್, ಪ್ರತಿಯೊಂದಕ್ಕೂ ತನ್ನದೇ ಪಟ್ಟಿ. 400 ಕನೆಕ್ಷನ್ನುಗಳು ಎಲ್ಲ ಬಫರನ್ನೂ ಮುಟ್ಟಿದರೆ ಬರೀ ಪಟ್ಟಿಗಳಿಗೇ 50 ಜಿಬಿ! ಪುಟವನ್ನು 2 ಎಂಬಿಗೆ ಹಿಗ್ಗಿಸಿ, ಅಂದರೆ ಹ್ಯೂಜ್ ಪೇಜ್ ಬಳಸಿ, ಅದೇ ಲೆಕ್ಕ ಹಾಕಿ: 32,768 ಪುಟ, ಒಂದು ಪಟ್ಟಿಗೆ 256 ಕೆಬಿ, 400ಕ್ಕೂ ಸೇರಿ 100 ಎಂಬಿ. ಕೈಯಲ್ಲಿ ಕಾಗದ ಹಿಡಿದು ಈ ಗುಣಾಕಾರ ಮಾಡುವಾಗಿನ ಖುಷಿಯೇ ಬೇರೆ.

ಎರಡು ಸಾಕೆಟ್ಟಿನ ಯಂತ್ರವಾದರೆ ದೂರದ ಪ್ರಶ್ನೆಯೂ ಸೇರುತ್ತದೆ. ಒಂದು ಪ್ರೊಸೆಸರಿನ ಬದಿಯ ಮೆಮೊರಿ ತುಂಬಿ, ಇನ್ನೊಂದು ಬದಿ ಖಾಲಿ ಇದ್ದರೂ ಮೈಎಸ್‌ಕ್ಯೂಎಲ್ ಡಿಸ್ಕಿಗೆ ಸ್ವ್ಯಾಪ್ ಆಗತೊಡಗಬಹುದು. ಎರಡೂ ಕಡೆ ಸಮವಾಗಿ ಹರಡುವಂತೆ ಇಂಟರ್‌ಲೀವ್ ಮಾಡಿ ಶುರುಮಾಡುವುದು ಅದಕ್ಕೇ.

ಇಷ್ಟೆಲ್ಲ ಹೊಂದಿಸಿ ಡೇಟಾಬೇಸ್ ಶುರುಮಾಡಿದ ಮೇಲೆ ನಾನು ಮೊದಲು ತೆರೆಯುವುದು ಲಿನಕ್ಸಿನ ಮೆಮ್‌ಇನ್ಫೋ. ಅದರಲ್ಲಿ ‘ಪೇಜ್‌ಟೇಬಲ್ಸ್’ ಎಂಬ ಸಾಲು ಹುಡುಕುತ್ತೇನೆ. ಬೆಳಗಿನ ದಟ್ಟಣೆಯಲ್ಲೂ ಆ ಅಂಕಿ ಎಂಬಿಗಳಲ್ಲೇ ನಿಂತಿದ್ದರೆ ಹಂಚಿಕೆ ಕೂಡಿಬಂದಂತೆ. ಜಿಬಿಗೆ ಹಾರಿದ್ದರೆ ಮತ್ತೆ ಕಾಗದ ಕೈಗೆತ್ತಿಕೊಳ್ಳುತ್ತೇನೆ.