ಗಾಳಿಗೊಂದು ತಕ್ಕಡಿ

ಊರು ಯಾಣದ ಹತ್ತಿರ ಅಂದ ಕೂಡಲೇ ಬೆಂಗಳೂರಿನ ಗೆಳೆಯರು "ಓ, ಆ ಕರಿ ಬಂಡೆ!" ಅನ್ನುತ್ತಾರೆ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅಂತ ನಮ್ಮ ಕಡೆ ಗಾದೆ. ನನಗೆ ಸೊಕ್ಕೂ ಇಲ್ಲ, ರೊಕ್ಕವೂ ಇಲ್ಲ :-) ಇರೋದು ಒಂದು ಕೆಲಸ. ಅದೇನು ಅಂತ ಊರಲ್ಲಿ ವಿವರಿಸೋದೇ ಕಷ್ಟ. "ಸಾಫ್ಟ್‌ವೇರ್" ಅಂದರೆ ಉಳಿದವರು ಸುಮ್ಮನಾಗುತ್ತಾರೆ. ಅಪ್ಪಯ್ಯ ಮಾತ್ರ ಬಿಡೋದಿಲ್ಲ. "ತಮಾ, ಗ್ಯಾಸು ಕಣ್ಣಿಗೆ ಕಾಣ್ತಿಲ್ಲೆ. ಅದ್ನ ಅಳೆಯದು ಹ್ಯಾಂಗ?"

ಪ್ರಶ್ನೆ ಸರಿಯಾಗಿಯೇ ಇದೆ. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸು. ಅದು ಒತ್ತಡಕ್ಕೆ ದ್ರವವಾಗಿರುತ್ತೆ, ತೂಗಿ ಕೊಡಬಹುದು. ಆದರೆ 2013ರಲ್ಲಿ ಶುರುವಾದ ದಾಭೋಳ್–ಬೆಂಗಳೂರು ಕೊಳವೆ, 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆ, ಇವುಗಳಲ್ಲೆಲ್ಲ ನೈಸರ್ಗಿಕ ಅನಿಲ ಹಗಲೂ ರಾತ್ರಿ ಓಡುತ್ತಾ ಇರುತ್ತೆ. ಓಡುತ್ತಿರೋ ಗಾಳಿಯನ್ನು ಯಾವ ತಕ್ಕಡಿಗೆ ಹಾಕೋದು?

ಇಂಥ ದೊಡ್ಡ ಕೊಳವೆಗಳಿಗಾಗಿ ಇರುವ ಒಂದು ಉಪಕರಣ ಅಲ್ಟ್ರಾಸಾನಿಕ್ ಮೀಟರ್. ಇದರೊಳಗೆ ತಿರುಗುವ ಚಕ್ರ ಇಲ್ಲ. ಕೊಳವೆಯ ಗೋಡೆಯಲ್ಲಿ ಓರೆಯಾಗಿ, ಎದುರುಬದುರಾಗಿ ಎರಡು ಟ್ರಾನ್ಸ್‌ಡ್ಯೂಸರ್‌ಗಳು. ಒಂದು ಕೂಗುತ್ತೆ, ಇನ್ನೊಂದು ಕೇಳುತ್ತೆ. ಆಮೇಲೆ ಅದು ಕೂಗುತ್ತೆ, ಇದು ಕೇಳುತ್ತೆ. ನಮ್ಮ ಕಿವಿಗೆ ನಿಲುಕದ ಸದ್ದು ಅದು, ಸೆಕೆಂಡಿಗೆ ಒಂದೆರಡು ಲಕ್ಷ ಕಂಪನ.

ಯಾಣದ ಬಾವಲಿ ಥರಾನಾ ಅಂತ ತಂಗಿ ಕೇಳಿದಳು. ಅಲ್ಲ. ಬಾವಲಿ ತನ್ನ ಕೂಗಿನ ಪ್ರತಿಧ್ವನಿ ಕೇಳುತ್ತೆ, ನಾವು ಭೈರವೇಶ್ವರ ಶಿಖರದ ಬುಡದಲ್ಲಿ ಕೂಗಿ ಕೇಳಿದ ಹಾಗೆ. ಇಲ್ಲಿ ಬೇಕಾಗಿರೋದು ಪ್ರತಿಧ್ವನಿ ಅಲ್ಲ, ಪ್ರಯಾಣದ ಸಮಯ. ಅಘನಾಶಿನಿಯಲ್ಲಿ ಇಳಿತದ ನೀರಿನ ಜೊತೆ ಹೋಗುವ ದೋಣಿ ಬೇಗ ಮುಟ್ಟುತ್ತೆ, ಎದುರು ಬರುವ ದೋಣಿ ತಡ ಮಾಡುತ್ತೆ. ಆ ಎರಡು ಸಮಯ ಗೊತ್ತಿದ್ದರೆ ನೀರಿನ ವೇಗ ಹೇಳಬಹುದು ತಾನೇ? ಅಷ್ಟೇ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದಿದೆ. ಅನಿಲದಲ್ಲಿ ಶಬ್ದದ ವೇಗ ಒಂದೇ ಸಮ ಇರೋದಿಲ್ಲ. ಬಿಸಿ, ಒತ್ತಡ, ಯಾವ ಅನಿಲ ಎಷ್ಟು ಬೆರೆತಿದೆ ಅನ್ನೋದರ ಮೇಲೆ ಬದಲಾಗುತ್ತೆ. ಆದರೆ ಎರಡು ದಿಕ್ಕಿನ ವೇಗಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಶಬ್ದದ ವೇಗ ತಾನಾಗಿಯೇ ವಜಾ ಆಗಿ, ಹರಿವಿನ ಪಾಲು ಮಾತ್ರ ಉಳಿಯುತ್ತೆ. ಕಳೆಯುವ ಬದಲು ಕೂಡಿಸಿ ಅರ್ಧ ಮಾಡಿದರೆ ಶಬ್ದದ ವೇಗವೂ ಸಿಗುತ್ತೆ. ಎರಡೂ ಕಡೆಯವರನ್ನು ಕೇಳಿದರೆ ನಿಜ ಹೊರಗೆ ಬರುತ್ತೆ ಅಂತಾರಲ್ಲ, ಹಾಗೆ!

ಕಾಗದದ ಮೇಲೆ ಇಷ್ಟು ಸುಲಭ. ಒದ್ದಾಟ ಇರೋದು ಸಿಗ್ನಲ್‌ನಲ್ಲಿ. ಸದ್ದಿನ ದಾರಿ ಅರ್ಧ ಮೀಟರ್, 45 ಡಿಗ್ರಿ ಓರೆ, ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ 430 ಮೀಟರ್, ಹರಿವು ಸೆಕೆಂಡಿಗೆ 10 ಮೀಟರ್ ಅಂತ ಇಟ್ಟುಕೊಳ್ಳಿ. ಹೋಗುವ, ಬರುವ ಸಮಯಗಳ ವ್ಯತ್ಯಾಸ ಸುಮಾರು 38 ಮೈಕ್ರೋಸೆಕೆಂಡ್ ಮಾತ್ರ. ಸೆಕೆಂಡಿಗೆ 2 ಲಕ್ಷ ಕಂಪನದ ಸದ್ದಾದರೆ ಒಂದು ಅಲೆಯ ಉದ್ದವೇ 5 ಮೈಕ್ರೋಸೆಕೆಂಡ್. ಬಂದ ಸದ್ದು ಒಮ್ಮೆಲೇ ಏಳುವುದಿಲ್ಲ, ಅಲೆ ಅಲೆಯಾಗಿ ದೊಡ್ಡದಾಗುತ್ತೆ. ಪ್ರೋಗ್ರಾಮು ಒಂದು ದಿಕ್ಕಿನಲ್ಲಿ ಮೂರನೇ ಅಲೆ ಹಿಡಿದು, ಇನ್ನೊಂದು ದಿಕ್ಕಿನಲ್ಲಿ ನಾಲ್ಕನೆಯದನ್ನು ಹಿಡಿದರೆ ಲೆಕ್ಕ ನೂರಕ್ಕೆ 13ರಷ್ಟು ತಪ್ಪು! ಹತ್ತಿರದಲ್ಲಿ ಒತ್ತಡ ಇಳಿಸುವ ವಾಲ್ವ್ ಇದ್ದರಂತೂ ಅದರ ಗದ್ದಲವೂ ಇದೇ ಕಂಪನಗಳಲ್ಲಿ ಬಂದು ಸೇರುತ್ತೆ. ಅದಕ್ಕೇ ಹಲವು ಕೂಗುಗಳನ್ನು ಕೂಡಿಸಿ ಸರಾಸರಿ ತೆಗೆಯೋದು, ಬಂದ ಅಲೆಯನ್ನು ಮೊದಲೇ ಇಟ್ಟುಕೊಂಡ ಮಾದರಿಯ ಜೊತೆ ಹೊಂದಿಸಿ ನೋಡೋದು. ಕೊನೆಗೊಂದು ಪರೀಕ್ಷೆ: ಮೀಟರಿನಿಂದ ಸಿಕ್ಕ ಶಬ್ದದ ವೇಗ, ಅನಿಲದ ಮಿಶ್ರಣದಿಂದ ಲೆಕ್ಕ ಹಾಕಿದ ವೇಗ, ಎರಡೂ ತಾಳೆ ಆಗಬೇಕು. ಆಗದಿದ್ದರೆ ಎಲ್ಲೋ ಎಡವಟ್ಟು.

ಈ ತಾಳೆ ನೋಡೋ ಬುದ್ಧಿ ಅಪ್ಪಯ್ಯನದೂ ಹೌದು. ಅಡಿಕೆ ಮೂಟೆಯನ್ನು ಮನೆಯಲ್ಲಿ ತೂಗಿ, ಚೀಟಿಯಲ್ಲಿ ಬರೆದುಕೊಂಡೇ ಮಂಡಿಗೆ ಒಯ್ಯೋದು. ಮಾರುವವನಿಗೆ ಹೆಚ್ಚು ಬರಲಿ ಅಂತ ಆಸೆ, ಕೊಳ್ಳುವವನಿಗೆ ಕಮ್ಮಿ ಬರಲಿ ಅಂತ. ಇಬ್ಬರ ನಡುವೆ ಪಕ್ಷ ಇಲ್ಲದೆ ನಿಲ್ಲಬೇಕಾದ್ದು ಮುಳ್ಳು ಒಂದೇ.

ಹಿಂದೆ ಒಂದು ಕಡೆ (ಹೆಸರು ಬೇಡ ಬಿಡಿ) ಇದೇ ವಿಷಯಕ್ಕೆ ಜಟಾಪಟಿ ಆಗಿತ್ತು. "ಸಿಗ್ನಲ್ ಕೆಟ್ಟಾಗ ಹಿಂದಿನ ಒಳ್ಳೇ ರೀಡಿಂಗನ್ನೇ ತೋರಿಸ್ತಾ ಇರಿ, ಅಲಾರಂ ಬೇಡ, ಗ್ರಾಹಕರು ಗಾಬರಿಯಾಗ್ತಾರೆ" ಅಂದರು ಮೇಲಿನವರು. ಕೋಡಿನಲ್ಲಿ ಅದು ಎರಡೇ ಸಾಲು. ನಾನು ಬರೆಯಲಿಲ್ಲ. ಅಂದಾಜಿನ ಅಂಕಿ ಹಾಕಬಹುದು, ಆದರೆ ಅದು ಅಂದಾಜು ಅಂತ ದಾಖಲೆಯಲ್ಲಿ ಇರಲೇಬೇಕು ಅಂತ ಒಂದು ವಾರ ಹಟ ಹಿಡಿದೆ. ಮೀಟಿಂಗಿನಲ್ಲಿ ಮುಖಗಳು ಗಂಟಿಕ್ಕಿಕೊಂಡವು. ಆ ವರ್ಷ ನನ್ನ ಇನ್‌ಕ್ರಿಮೆಂಟೂ ಕರಗಿತು. ಆದರೆ ಅಲಾರಂ ಉಳಿಯಿತು.

ಅಳೆಯೋಕೆ ಆಗದೇ ಇದ್ದಾಗ "ಆಗ್ತಿಲ್ಲ" ಅಂತ ಹೇಳುವ ಮೀಟರೇ ಒಳ್ಳೇ ಮೀಟರು. ಸಲೀಸಾಗಿ ಅಂಕಿ ತೋರಿಸ್ತಾನೇ ಇರೋದನ್ನು ಕಂಡರೆ ನನಗೆ ಅನುಮಾನ. ನಿಮ್ಮ ಕೆಲಸಗಳಲ್ಲೂ ಇಂಥ ಎರಡು ಸಾಲಿನ ಕೋಡು ಇರಬಹುದು... ಇದ್ದರೆ ಹೇಳಿ.