ಖಡಕವಾಸ್ಲಾ ದಾರಿಯಲ್ಲಿ ಮೂರು ಪಂದ್ಯ

ಪುಣೆಗೂ ಸೈಕಲ್ಲಿಗೂ ಹಳೆಯ ನಂಟು. ಒಂದು ಕಾಲಕ್ಕೆ ಇದು ಸೈಕಲ್ಲುಗಳ ಊರೆಂದೇ ಹೆಸರಾಗಿತ್ತು. ಈಗ ಬೀದಿಗಳೆಲ್ಲ ಮೋಟಾರು ಗಾಡಿಗಳ ಪಾಲಾಗಿದ್ದರೂ ಬೆಳಗಿನ ಐದು ಗಂಟೆಗೆ ಸಿಂಹಗಡ ರಸ್ತೆಯಲ್ಲಿ ನಿಂತು ನೋಡಿದವರಿಗೆ ಆ ನಂಟು ಪೂರ್ತಿ ಕಡಿದಿಲ್ಲವೆಂದು ತಿಳಿಯುತ್ತದೆ. ಹಿಂಬದಿಯ ಕೆಂಪು ದೀಪ ಮಿನುಗಿಸುತ್ತ ಸಾಲಾಗಿ ಹೋಗುವ ಆ ಸವಾರರಲ್ಲಿ ನಾವು ನಾಲ್ವರೂ ಉಂಟು. ಒಬ್ಬರು ಧಾರವಾಡದವರು, ಒಬ್ಬರು ಹಾಸನದವರು, ಒಬ್ಬರು ಹರಿಹರದವರು. ನಾಲ್ಕನೆಯವರು ಪುಣೆಯಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡಿ ಬೆಳೆದ ಅಕ್ಕನವರು. ಹೊಟ್ಟೆಪಾಡಿನ ಕೆಲಸ ಬೇರೆ ಬೇರೆ. ಭಾನುವಾರದ ಸೈಕಲ್ಲು ಮಾತ್ರ ಎಲ್ಲರದೂ ಒಂದೇ. ವಯಸ್ಸಿನ ಮಾತು ಬೇಡ. ನಲವತ್ತು ದಾಟಿದವರು ಎಂದರೆ ಸಾಕು.

ಇಂಥ ನಮಗೆ ಈ ವರ್ಷ ಟ್ರಯಥ್ಲಾನಿನ ಹುಚ್ಚು ಹಿಡಿದಿದೆ. ಹಾಗೆಂದರೇನೆಂದು ಮನೆಯವರೇ ಕೇಳಿದ್ದರಿಂದ ಓದುಗರಿಗೂ ಹೇಳಿಬಿಡುವುದು ಮೇಲು. ಮೊದಲು ಈಜು, ಮೈ ಒಣಗುವ ಮುನ್ನ ಸೈಕಲ್ಲು, ಸೈಕಲ್ಲಿಳಿದ ಮರುಕ್ಷಣ ಓಟ. ಗಡಿಯಾರ ನಡುವೆ ಎಲ್ಲಿಯೂ ನಿಲ್ಲುವುದಿಲ್ಲ. ಈ ಹೆಸರಿನ ಪಂದ್ಯ 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ನಡೆಯಿತು. 1978ರಲ್ಲಿ ಹವಾಯಿಯಲ್ಲಿ ಹದಿನೈದು ಮಂದಿ 3.8 ಕಿಲೋಮೀಟರು ಸಮುದ್ರದಲ್ಲಿ ಈಜಿ, 180 ಕಿಲೋಮೀಟರು ಸೈಕಲ್ಲು ತುಳಿದು, ಅದರ ಮೇಲೆ ಪೂರ್ತಿ ಮ್ಯಾರಥಾನ್ ಓಡಲು ಹೊರಟರು. ಹನ್ನೆರಡು ಮಂದಿ ಮುಗಿಸಿದರು. ಐರನ್‌ಮ್ಯಾನ್ ಎಂಬುದು ಅದೇ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಟ್ರಯಥ್ಲಾನಿಗೆ ಮೊದಲ ಬಾರಿ ಸ್ಥಾನ ಸಿಕ್ಕಿತು. 2019ರಲ್ಲಿ ಗೋವೆಯ ಮೀರಾಮಾರ್ ತೀರದಲ್ಲಿ ಐರನ್‌ಮ್ಯಾನಿನ ಅರ್ಧ ಅಳತೆಯ ಪಂದ್ಯ ನಡೆದ ಮೇಲೆ ನಮ್ಮ ಕಡೆಯ ಸೈಕಲ್ಲಿಗರ ಬಾಯಲ್ಲೂ ಇದೇ ಮಾತು. ನಮ್ಮ ಆಸೆ ಅಷ್ಟು ದೊಡ್ಡದಲ್ಲ. ಸ್ಪ್ರಿಂಟ್ ಎಂಬ ಕಿರಿಯ ಅಳತೆಯೊಂದುಂಟು: 750 ಮೀಟರು ಈಜು, 20 ಕಿಲೋಮೀಟರು ಸೈಕಲ್ಲು, 5 ಕಿಲೋಮೀಟರು ಓಟ. ಚಳಿಗಾಲದಲ್ಲಿ ಒಂದು ಕೆರೆಯ ದಡದಲ್ಲಿ ನಡೆಯುವ ಆ ಪಂದ್ಯಕ್ಕೆ ಹೆಸರು ಕೊಟ್ಟಿದ್ದೇವೆ.

ಸೈಕಲ್ಲಿನವರಿಗೆ ಇದರಲ್ಲಿ ನಡುಮನೆ ಮಾತ್ರ ಸ್ವಂತದ್ದು. ತಲೆಬಾಗಿಲು ನೀರಿನದು, ಹಿತ್ತಿಲ ಬಾಗಿಲು ಓಟದ್ದು. ಆದ್ದರಿಂದ ನಮ್ಮ ಹಳೆಯ ದಾರಿಯನ್ನೇ ಹೊಸ ಪಾಠಶಾಲೆ ಮಾಡಿಕೊಂಡೆವು. ವಡಗಾಂವ್, ಧಾಯರಿ ಫಾಟಾ, ಕಿರ್ಕಟವಾಡಿಗಳನ್ನು ಹಿಂದೆ ಹಾಕಿದರೆ ಖಡಕವಾಸ್ಲಾ ಕಟ್ಟೆ. ಅಲ್ಲಿ ಒಂದು ಗಳಿಗೆ ಕಾಲೂರಿ ನಿಲ್ಲದ ದಿನವಿಲ್ಲ. ಮುಠಾ ನದಿಗೆ ಕಟ್ಟಿದ ಈ ಕಟ್ಟೆಯಲ್ಲಿ 1903ರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ತಮ್ಮ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದರು. ನೀರು ಗುರುತು ಮುಟ್ಟಿದೊಡನೆ ತಾವೇ ತೆರೆದು, ಇಳಿದೊಡನೆ ತಾವೇ ಮುಚ್ಚುವ ಬಾಗಿಲುಗಳು. ಪುಣೆಯಲ್ಲೇ ಎಂಜಿನಿಯರಿಂಗ್ ಕಲಿತು ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದ್ದ ಅವರೂ ಒಂದು ಬಗೆಯಲ್ಲಿ ನಮ್ಮಂತೆ ಹೊರನಾಡಿನ ಕನ್ನಡಿಗರೇ ಅಲ್ಲವೆ! ಆದರೆ ಇದೇ ಕಟ್ಟೆ 1961ರ ಜುಲೈ 12ರಂದು, ಮೇಲಿನ ಪಾನಶೆತ್ ಕಟ್ಟೆ ಒಡೆದ ರಭಸಕ್ಕೆ ತಾನೂ ಸೀಳಿ, ಪುಣೆಯ ಪೇಟೆಗಳೊಳಗೆ ನೀರು ನುಗ್ಗಿತು. ಮತ್ತೆ ಕಟ್ಟಿದ ಕಟ್ಟೆಯ ನೀರನ್ನೇ ಈಗ ಊರು ಕುಡಿಯುತ್ತದೆ. ಅಲ್ಲಿ ಈಜಲು ಅಪ್ಪಣೆಯಿಲ್ಲ. ನಾವು ನೋಡಿ ಮುಂದೆ ಸಾಗುತ್ತೇವೆ.

ಅಲ್ಲಿಂದಾಚೆ ಸಿಂಹಗಡದ ಏರು. ಗಡ ಸಮುದ್ರಮಟ್ಟದಿಂದ ಸುಮಾರು 1,300 ಮೀಟರು ಎತ್ತರ. 1670ರಲ್ಲಿ ತಾನಾಜಿ ಇದನ್ನು ಗೆದ್ದು ಪ್ರಾಣ ಕೊಟ್ಟ ಕಥೆ ಇಲ್ಲಿಯ ಮಕ್ಕಳಿಗೆಲ್ಲ ಗೊತ್ತು. ತಿರುವು ತಿರುವಿಗೂ ಏದುಸಿರು ಬಿಡಿಸುವ ಈ ದಾರಿ ಕಾಲಿಗೆ ಬಲ ಕೊಡುತ್ತದೆ, ನಿಜ. ಅದಕ್ಕಿಂತ ಹೆಚ್ಚಾಗಿ ಬಲವನ್ನು ಉಳಿಸಿಕೊಳ್ಳುವುದನ್ನು ಕಲಿಸುತ್ತದೆ. ಮುಂದೆ ಹೋದವರನ್ನು ಹಿಡಿಯಲೇಬೇಕೆಂಬ ಹಟದಿಂದ ತುಳಿದವರಿಗೆ ಇಳಿದ ಮೇಲೆ ಓಡಲು ಕಾಲಿರುವುದಿಲ್ಲ. ನೆತ್ತಿಯ ಮೇಲೆ ಮಣ್ಣಿನ ಕುಡಿಕೆಯ ಮೊಸರೂ ಪಿಠ್ಲ-ಭಾಕರಿಯೂ ಸಿಗುತ್ತವೆ. ಪಿಠ್ಲ ನಮ್ಮ ಝುಣಕದ ತಮ್ಮನೆಂದು ಧಾರವಾಡದವರ ವಾದ; ಅಣ್ಣನೆಂದು ಅಕ್ಕನವರ ವಾದ. ತೀರ್ಪು ಇನ್ನೂ ಬಂದಿಲ್ಲ.

ಸೈಕಲ್ಲಿನಿಂದ ಓಟಕ್ಕೆ ದಾಟುವ ಅಭ್ಯಾಸವನ್ನು ಇಂಗ್ಲಿಷಿನಲ್ಲಿ ‘ಬ್ರಿಕ್’ ಎನ್ನುತ್ತಾರೆ. ಇಟ್ಟಿಗೆಯ ಹೆಸರು ಸರಿಯಾಗಿಯೇ ಇದೆ. ಮೊದಲ ಹತ್ತು ನಿಮಿಷ ಕಾಲು ನಮ್ಮದೆನ್ನಿಸುವುದಿಲ್ಲ. ಕೊನೆಯ ಒಂದೆರಡು ಕಿಲೋಮೀಟರು ಹಗುರವಾದ ಗೇರಿಗೆ ಇಳಿಸಿ ಬೇಗ ಬೇಗ ತುಳಿದು, ಓಟವನ್ನು ಚಿಕ್ಕ ಹೆಜ್ಜೆಯಿಂದ ಶುರು ಮಾಡಿದರೆ ಬಿಗಿ ಬೇಗ ಸಡಿಲುತ್ತದೆ.

ಉಳಿದದ್ದು ನೀರು. ಊರಿನ ಬಾವಿಯಲ್ಲಿ ತಲೆಯೆತ್ತಿ ಈಜಿದವರೂ ಇಲ್ಲಿ ಮೊದಲಿನಿಂದ ಕಲಿಯಬೇಕು. ಮುಖವನ್ನು ನೀರಿನಲ್ಲಿಟ್ಟು ಉಸಿರನ್ನು ಒಳಗೇ ಬಿಡಬೇಕು. ಪಕ್ಕಕ್ಕೆ ಹೊರಳಿ ಎಳೆದುಕೊಳ್ಳಬೇಕು. ಕಾಲನ್ನು ಮುಂದಿನ ಕೆಲಸಕ್ಕೆ ಉಳಿಸಿ ಕೈಯಿಂದಲೇ ಸಾಗಬೇಕು. ಕೆರೆಯಲ್ಲಿ ತಳದ ಗೆರೆ ಕಾಣದು; ಆಗಾಗ ಕಣ್ಣೆತ್ತಿ ತೇಲುವ ಬುರುಡೆಯ ಗುರುತು ನೋಡಿಕೊಳ್ಳಬೇಕು. ನಮ್ಮ ಬಡಾವಣೆಯ ಕೊಳ 25 ಮೀಟರಿನದು; 750 ಮೀಟರಿಗೆ ಮೂವತ್ತು ಸುತ್ತು.

ಹರಿಹರದವರಿಗೆ ಈ ಪಾಠ ಉಸಿರಿನದಷ್ಟೇ ಆಗಿರಲಿಲ್ಲ. ಬಾಲ್ಯದಲ್ಲಿ ಅವರ ಅಣ್ಣ ತುಂಗಭದ್ರೆಯ ಪಾಲಾದರು. ಅಂದಿನಿಂದ ಆ ಮನೆಯಲ್ಲಿ ಯಾರೂ ಹೊಳೆಗಿಳಿದಿಲ್ಲ. ತಾಯಿಯವರು ಈಗ ಪುಣೆಯಲ್ಲಿ ಮಗನೊಡನೆ ಇದ್ದಾರೆ. ಅವರನ್ನು ಕೇಳದೆ ನೀರಿಗಿಳಿಯುವುದಿಲ್ಲವೆಂದು ಇವರು ಮೊದಲೇ ಹೇಳಿದ್ದರು. ಕೇಳಿದಾಗ ಆ ತಾಯಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, “ನಾನೂ ಬಂದು ನೋಡ್ತೀನಿ” ಎಂದರು.

ಶಾಲು ಹೊದ್ದು ಕೊಳದ ಕಟ್ಟೆಯ ಮೇಲೆ ಕೂತರು. ಮಗ ಆಚೆ ದಡ ಮುಟ್ಟಿದಾಗಲೆಲ್ಲ ಬೆರಳು ಮಡಿಸಿದರು. ತಿಂಗಳುಗಟ್ಟಲೆ ಹೀಗೆಯೇ ಬಂದರು. ಮೊದಲ ಸಲ ಮೂವತ್ತು ಸುತ್ತು ಮುಗಿದ ದಿನ ಲೆಕ್ಕ ಅವರದೇ. ನಾವು ಇಪ್ಪತ್ತೆಂಟಕ್ಕೇ ಚಪ್ಪಾಳೆ ತಟ್ಟಿದ್ದಕ್ಕೆ, “ಇನ್ನೂ ಎರಡು ಬಾಕಿ ಇದೆ, ಸುಮ್ಮನಿರಿ” ಎಂದು ಗದರಿದರು.

ಪಂದ್ಯ ಕೆರೆಯಲ್ಲೆಂದು ತಿಳಿದಾಗ ಅವರ ಮುಖ ಮತ್ತೆ ಇಳಿಯಿತು. “ದೋಣಿ ಎಷ್ಟಿರ್ತಾವೆ?” ಎಂದು ಕೇಳಿದರು. ನಾವು ನಡೆಸುವವರನ್ನು ವಿಚಾರಿಸಿ, ಕಾವಲು ದೋಣಿ ಎಷ್ಟು, ಈಜುಬಲ್ಲ ರಕ್ಷಕರೆಷ್ಟು, ದಣಿದವರು ದೋಣಿ ಹಿಡಿದು ಸುಧಾರಿಸಿಕೊಳ್ಳಬಹುದೆ ಎಂಬುದನ್ನೆಲ್ಲ ಬರೆದು ತಂದು ಓದಿ ಹೇಳಿದೆವು. ಇಂಥ ಪ್ರಶ್ನೆಯನ್ನು ನಾವೇ ಮೊದಲು ಕೇಳಬೇಕಾದ್ದು ನ್ಯಾಯ. ಕೇಳಿಸಿದ್ದು ಎಂಬತ್ತರ ಹತ್ತಿರದ ಜೀವ.

ಕೊನೆಗೆ ಅವರು, “ಹೋಗಿ ಬಾಪ್ಪ. ಆದರೆ ನೀರಿನಿಂದ ಎದ್ದ ಕೂಡಲೇ ನನ್ನ ಕಣ್ಣಿಗೆ ಬೀಳು; ಆಮೇಲೆ ಸೈಕಲ್ಲು ಹತ್ತು” ಎಂದರು.

ಈಜಿನಿಂದ ಸೈಕಲ್ಲಿಗೆ ಬದಲಾಯಿಸುವ ಜಾಗದಲ್ಲಿ ಕ್ಷಣ ಕ್ಷಣಕ್ಕೂ ಬೆಲೆ. ಹೆಲ್ಮೆಟ್ಟಿನ ಪಟ್ಟಿ ಬಿಗಿದಲ್ಲದೆ ಸೈಕಲ್ಲನ್ನು ತೆಗೆಯಬಾರದು. ಗೆರೆ ದಾಟಿದಲ್ಲದೆ ಹತ್ತಬಾರದು. ಇದನ್ನೆಲ್ಲ ಬೇಗ ಮುಗಿಸುವುದನ್ನು ಮನೆಯ ಅಂಗಳದಲ್ಲಿ ಗಡಿಯಾರವಿಟ್ಟು ಅಭ್ಯಾಸ ಮಾಡುತ್ತಿದ್ದೇವೆ. ಈಗ ಅದಕ್ಕೆ ಇನ್ನೊಂದು ಕೆಲಸ ಸೇರಿದೆ: ಬೇಲಿಯ ಬಳಿ ಕುರ್ಚಿಯಲ್ಲಿ ಕೂತ ತಾಯಿಯ ಕಡೆಗೆ ಕೈಯೆತ್ತುವುದು. ಅದಕ್ಕೆ ನಾಲ್ಕು ಸೆಕೆಂಡು ಹಿಡಿಯುತ್ತದೆ. ನಾಲ್ವರೂ ಎತ್ತುವುದೆಂದು ಗೊತ್ತುಮಾಡಿಕೊಂಡಿದ್ದೇವೆ.

ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರುವ ನಮ್ಮ ಬಂಧುಗಳಲ್ಲೂ ಸೈಕಲ್ಲಿನ ಹವ್ಯಾಸದವರು ಇದ್ದೇ ಇದ್ದಾರೆ. ಮನಸ್ಸಿದ್ದರೆ ಮೊದಲು ವೈದ್ಯರನ್ನು ಕಾಣಿರಿ. ಕಲಿಸುವವರ ಎದುರಿನಲ್ಲೇ ಈಜು ಕಲಿಯಿರಿ. ಗುರುತಿಲ್ಲದ ನೀರಿಗೆ ಒಬ್ಬರೇ ಇಳಿಯಬೇಡಿರಿ. ಪುಣೆಗೆ ಬಂದರೆ ಭಾನುವಾರ ನಸುಕಿಗೆ ಸಿಂಹಗಡ ರಸ್ತೆಗೆ ಬನ್ನಿ. ಒಂದು ಸೈಕಲ್ಲು ಹೊಂದಿಸಿಕೊಡುವ ಹೊಣೆ ನಮ್ಮದು. ಏರು ಮಾತ್ರ ನೀವೇ ತುಳಿಯಬೇಕು.